ಪರಮ ವೀರ ಬೇರೆ, ಪರಮ ವಿಶಿಷ್ಟ ಬೇರೆ

ಕಳೆದ ತಿಂಗಳು ಇಂದಿರಾನಗರದ ಕಡೆ ಒಂದು ಸಣ್ಣ ಪಾರ್ಕಿನಲ್ಲಿ ಹೊಸದಾಗಿ ನಿಲ್ಲಿಸಿದ ಕಲ್ಲು ನೋಡಿ ಬಂದೆ. ಒಳ್ಳೆಯ ಕಪ್ಪು ಗ್ರಾನೈಟ್. ತೀರಿಹೋದ ಒಬ್ಬ ಲೆಫ್ಟಿನೆಂಟ್ ಜನರಲ್ ಅವರ ಹೆಸರು. ಅದರ ಕೆಳಗೆ ‘ಪರಮ ವೀರ ವಿಶಿಷ್ಟ ಪದಕ ವಿಜೇತ’ ಎಂದು ಕೆತ್ತಿದ್ದರು. ಅಂಥದೊಂದು ಪದಕವೇ ನಮ್ಮ ದೇಶದಲ್ಲಿ ಇಲ್ಲ. ಕಲ್ಲಿನ ಮುಂದೆ ನಿಂತು ನನಗೆ ತುಂಬಾ ಬೇಜಾರಾಯಿತು. 37 ವರ್ಷ ಸೇವೆ ಮಾಡಿದ ಮನುಷ್ಯ. ಅವರಿಗೆ ಸಿಕ್ಕಿದ್ದನ್ನು ಒಂದು ಸಾಲಿನಲ್ಲಿ ಸರಿಯಾಗಿ ಬರೆಯಲು ನಮ್ಮಿಂದ ಆಗಲಿಲ್ಲವಲ್ಲ.

ನಾನು ಮಾಡುವುದು ದಾಖಲೆ ಕೆಲಸ. ನಿವೃತ್ತ ಸೇನಾಧಿಕಾರಿಗಳ ಮನೆಯವರು ಟ್ರಂಕು, ಆಲ್ಬಂ, ಪದಕದ ಡಬ್ಬಿ ತಂದುಕೊಡುತ್ತಾರೆ. ನಾನು ಕಾಗದ ಜೋಡಿಸಿ, ಪದಕ ಗುರುತಿಸಿ, ಅವರ ಜೀವನವನ್ನು ಮೊಮ್ಮಕ್ಕಳು ಓದುವ ಹಾಗೆ ಬರೆದುಕೊಡುತ್ತೇನೆ. 17 ವರ್ಷವಾಯಿತು. ಹಲಸೂರು, ಆಸ್ಟಿನ್ ಟೌನ್, ಡಿಫೆನ್ಸ್ ಕಾಲೊನಿ, ಆರ್.ಟಿ. ನಗರ, ಹೀಗೆ ಬೆಂಗಳೂರಿನ ಎಲ್ಲ ಕಡೆ ಫೌಜಿ ಮನೆಗಳಿವೆ. ಮನೆ ಬೇರೆ ಬೇರೆ, ಕೇಳುವ ತಪ್ಪು ಮಾತ್ರ ಒಂದೇ. “ಸರ್, ನಮ್ಮ ತಂದೆಯವರಿಗೆ ಪರಮ ವೀರ ಬಂದಿತ್ತು.”

ಆಗ ನಾನು ಕೇಳುವುದು, ಅವರು ಯಾವ ರ‍್ಯಾಂಕಿನಲ್ಲಿದ್ದಾಗ ಬಂತು ಅಂತ. ಜನರಲ್ ಆಗಿದ್ದಾಗ ಅಂದರೆ ಅಲ್ಲಿಗೆ ಉತ್ತರ ಸಿಕ್ಕ ಹಾಗೆ. ಪರಮ ವೀರ ಚಕ್ರ ಇದುವರೆಗೆ ಬಂದಿರುವುದು 21 ಜನರಿಗೆ. ಅವರಲ್ಲಿ ಆ ಹೊತ್ತಿಗೆ ಅತಿ ದೊಡ್ಡ ರ‍್ಯಾಂಕಿನಲ್ಲಿದ್ದವರು 1965ರಲ್ಲಿ ಮಡಿದ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್. ಉಳಿದವರೆಲ್ಲ ಮೇಜರ್, ಕ್ಯಾಪ್ಟನ್, ಸುಬೇದಾರ್, ನಾಯಕ್, ರೈಫಲ್‌ಮ್ಯಾನ್ ಇಂಥ ಕೆಳಗಿನ ರ‍್ಯಾಂಕಿನವರು. ಜನರಲ್ ಒಬ್ಬರೂ ಇಲ್ಲ, ಬ್ರಿಗೇಡಿಯರ್ ಕೂಡ ಇಲ್ಲ.

ಜನರಲ್‌ಗಳಿಗೆ ಬರುವುದು ಸಾಮಾನ್ಯವಾಗಿ ಪರಮ ವಿಶಿಷ್ಟ ಸೇವಾ ಪದಕ. ಹೆಸರಿನ ಮುಂದೆ ಪಿವಿಎಸ್‌ಎಂ ಎಂದು ಬರೆಯುತ್ತಾರೆ. ಪರಮ ವೀರ ಚಕ್ರ ಪಿವಿಸಿ. ಎರಡಕ್ಕೂ ಮೊದಲು ಪಿ, ವಿ ಬರುತ್ತದೆ, ಎರಡರಲ್ಲೂ ‘ಪರಮ’ ಇದೆ. ಅಷ್ಟು ಸಾಕು, ಶ್ರದ್ಧಾಂಜಲಿ ಜಾಹೀರಾತಿನಿಂದ ಕಲ್ಲಿನವರೆಗೆ ತಪ್ಪು ನಡೆದುಕೊಂಡು ಹೋಗುತ್ತದೆ.

ಈ ವ್ಯತ್ಯಾಸವನ್ನು ನಾನು ನೂರಾರು ಸಲ ಹೇಳಿದ್ದೇನೆ, ಇಲ್ಲಿ ಮತ್ತೊಮ್ಮೆ ನಿಧಾನವಾಗಿ ಹೇಳುತ್ತೇನೆ. ಪರಮ ವೀರ, ಮಹಾ ವೀರ, ವೀರ ಚಕ್ರ, ಈ ಮೂರನ್ನೂ 1950ರ ಜನವರಿ 26ರಂದು ಸ್ಥಾಪಿಸಿದರು. 1947ರ ಆಗಸ್ಟ್ 15ರಿಂದಲೇ ಅನ್ವಯ ಎಂದರು. ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಇವನ್ನು ಕೊಡುತ್ತಾರೆ. ಅಂದರೆ ಈ ಪದಕಕ್ಕೆ ಒಂದು ತಾರೀಕು ಇರುತ್ತದೆ, ಒಂದು ಜಾಗ ಇರುತ್ತದೆ. ಯಾವ ಗುಡ್ಡ, ಯಾವ ರಾತ್ರಿ, ಎದುರಿಗೆ ಏನಿತ್ತು, ಇವರು ಏನು ಮಾಡಿದರು, ಎಲ್ಲ ಸೈಟೇಶನ್ನಿನಲ್ಲಿ, ಅಂದರೆ ಪದಕದ ಜೊತೆಗಿನ ಪ್ರಶಂಸಾ ಬರಹದಲ್ಲಿ, ಬರೆದಿರುತ್ತದೆ. ವಿಶಿಷ್ಟ ಸೇವಾ ಪದಕಗಳು ಬಂದಿದ್ದು 1960ರಲ್ಲಿ. ಮೊದಲು ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಎನ್ನುತ್ತಿದ್ದರು. 1967ರಲ್ಲಿ ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಎಂದು ಹೆಸರು ಬದಲಾಯಿತು. ಇವು ಸೇವೆಗೆ ಕೊಡುವ ಪದಕಗಳು. ಪರಮ ವಿಶಿಷ್ಟಕ್ಕೆ ಒಂದು ತಾರೀಕು, ಒಂದು ಗುಡ್ಡ ಹುಡುಕಿದರೆ ಸಿಗುವುದಿಲ್ಲ. ಅದರ ಹಿಂದೆ ವರ್ಷಗಟ್ಟಲೆ ಹೊತ್ತ ಜವಾಬ್ದಾರಿ ಇರುತ್ತದೆ.

ಹಾಗಾಗಿ ಮನೆಯವರಿಗೆ ನಾನು ಹೇಳುವುದು ಇಷ್ಟು: ಪದಕ ಕೈಗೆತ್ತಿಕೊಂಡು “ಯಾವ ದಿನ?” ಎಂದು ಕೇಳಿ. ದಿನ ಇದ್ದರೆ ಶೌರ್ಯ. ವರ್ಷಗಳು ಇದ್ದರೆ ಸೇವೆ. ದಿನ ಯಾವುದು ಎಂದು ನಮ್ಮ ನೆನಪಿನಿಂದ ಹೇಳಬಾರದು, ಗೆಜೆಟ್ಟಿನಿಂದ ಹೇಳಬೇಕು.

ಇದನ್ನು ಕೇಳಿದ ತಕ್ಷಣ ಮನೆಯವರ ಮುಖ ಸಪ್ಪೆಯಾಗುತ್ತದೆ. “ಹಾಗಾದರೆ ಇದು ಚಿಕ್ಕದಾ ಸರ್?” ಅಲ್ಲ. ಚಿಕ್ಕದು ದೊಡ್ಡದು ಅನ್ನುವ ಲೆಕ್ಕವೇ ಇಲ್ಲಿ ಹೊಂದುವುದಿಲ್ಲ. ಸೇನೆಯ ಕ್ರಮದಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದು ಖಂಡಿತ ಇದೆ. ಆದರೆ ಒಬ್ಬ ಸೇನಾಪತಿಯ ಬದುಕನ್ನು ಅಳೆಯುವಾಗ ಆ ಕ್ರಮ ಸಾಲದು.

ನಮ್ಮ ಜನರಲ್ ತಿಮ್ಮಯ್ಯನವರನ್ನೇ ನೋಡಿ. ರಿಚ್ಮಂಡ್ ರಸ್ತೆಗೆ ಅವರ ಹೆಸರಿದೆ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದವರು, ಇಲ್ಲೇ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. 1945ರಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ಬೆಟಾಲಿಯನ್ ಮುನ್ನಡೆಸಿ ಡಿಸ್ಟಿಂಗ್ವಿಶ್ಡ್ ಸರ್ವೀಸ್ ಆರ್ಡರ್ ಎಂಬ ಬ್ರಿಟಿಷ್ ಗೌರವ, ಅಂದರೆ ಡಿಎಸ್‌ಒ ಪಡೆದರು. ಅದೇ ಬ್ರಿಗೇಡಿನ ಇನ್ನಿಬ್ಬರು ಭಾರತೀಯ ಬೆಟಾಲಿಯನ್ ಕಮಾಂಡರುಗಳಾದ ತೊರಾಟ್ ಮತ್ತು ಎಲ್.ಪಿ. ಸೇನ್ ಅವರಿಗೂ ಡಿಎಸ್‌ಒ ಬಂತು. ಡಿಎಸ್‌ಒ ಹೆಸರಿನಲ್ಲಿ ‘ಸರ್ವೀಸ್’ ಇದೆ, ಆದರೆ ಅದು ಯುದ್ಧದ ನಡುವೆ ಪಡೆಯನ್ನು ಮುನ್ನಡೆಸಿದ್ದಕ್ಕೆ ಕೊಡುತ್ತಿದ್ದ ಗೌರವ. ಹೆಸರು ನೋಡಿ ತೀರ್ಮಾನ ಮಾಡಬೇಡಿ ಎನ್ನುವುದು ಇದಕ್ಕೇ.

ಮೂರು ವರ್ಷದ ನಂತರ ಅದೇ ತಿಮ್ಮಯ್ಯ ಕಾಶ್ಮೀರದಲ್ಲಿ ಡಿವಿಷನ್ ಕಮಾಂಡರ್. ಲೇಹ್ ಕಡೆಯ ದಾರಿಗೆ ಜೋಜಿ ಲಾ ಕಣಿವೆ ಅಡ್ಡ. ಸುಮಾರು 11,500 ಅಡಿ ಎತ್ತರ. ಮೇಲೆ ಶತ್ರು ಕೂತಿದ್ದಾನೆ, ಚಳಿಗಾಲ ಬಾಗಿಲಿಗೆ ಬಂದಿದೆ. ಅಂಥ ಜಾಗಕ್ಕೆ ಟ್ಯಾಂಕು ಹತ್ತಿಸುವ ತೀರ್ಮಾನ ಮಾಡಿದರು. ಬಾಲ್ತಾಲ್‌ನಿಂದ ಮೇಲಿನ ಹೇಸರಗತ್ತೆ ಹಾದಿಯನ್ನು ಟ್ಯಾಂಕು ಹೋಗುವಂತೆ ಅಗಲ ಮಾಡಿದವರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್‌ಗಳು. ನಮ್ಮ ಹಲಸೂರು ಕೆರೆ ಪಕ್ಕದ ಎಂಇಜಿ ಸೆಂಟರಿನವರು. ಕೆರೆ ಏರಿ ಮೇಲೆ ದಿನಾ ವಾಕಿಂಗ್ ಮಾಡುವ ಎಷ್ಟು ಜನಕ್ಕೆ ಇದು ಗೊತ್ತು? 1948ರ ನವೆಂಬರ್ 1ರಂದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಮೇಲೆ ಹೋದವು. ಎದುರಾಳಿಗೆ ಅದು ಕನಸಿನಲ್ಲೂ ಇರಲಿಲ್ಲ. ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು ಎಂದು ಸೇನೆಯವರು ಇಂದಿಗೂ ಹೇಳುತ್ತಾರೆ.

ಅದಕ್ಕೆ ಅವರಿಗೆ ಯಾವ ಚಕ್ರ ಬಂತು? ಯಾವುದೂ ಇಲ್ಲ. ಟ್ಯಾಂಕುಗಳನ್ನು ಮುನ್ನಡೆಸಿದ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರಿಗೆ ಮಹಾ ವೀರ ಚಕ್ರ ಬಂತು, ಅದು ನ್ಯಾಯವೇ. ತಿಮ್ಮಯ್ಯನವರಿಗೆ ಮುಂದೆ 1954ರಲ್ಲಿ ಪದ್ಮಭೂಷಣ ಬಂತು, ಕೊರಿಯಾದಲ್ಲಿ ಯುದ್ಧಕೈದಿಗಳ ವಿಚಾರದಲ್ಲಿ ಮಾಡಿದ ಕೆಲಸಕ್ಕೆ. ಅವರ ಎದೆಯ ಮೇಲಿನ ರಿಬ್ಬನ್ ಸಾಲು ನೋಡಿದರೆ ಜೋಜಿ ಲಾದ ಸಾಹಸಕ್ಕೆಂದು ಕೊಟ್ಟ ಶೌರ್ಯದ ರಿಬ್ಬನ್ ಒಂದೂ ಕಾಣುವುದಿಲ್ಲ. ಅವರ ಕೆಲಸಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅದೇ.

ಅದೇ 1948ರ ಏಪ್ರಿಲ್‌ನಲ್ಲಿ, ರಜೌರಿ ಕಡೆಯ ರಸ್ತೆಯಲ್ಲಿ, ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆ ನೆಲಬಾಂಬು ತೆಗೆಯುತ್ತ, ಅಡ್ಡಗಟ್ಟೆ ಬಿಡಿಸುತ್ತ ಗುಂಡಿನ ನಡುವೆಯೇ ದಿನಗಟ್ಟಲೆ ಕೆಲಸ ಮಾಡಿದರು. ಕಾರವಾರದ ಹತ್ತಿರದ ಚೆಂಡಿಯಾ ಊರಿನ ಮೂಲದವರು. ಅವರಿಗೆ ಪರಮ ವೀರ ಚಕ್ರ. ರಾಣೆ ಮತ್ತು ತಿಮ್ಮಯ್ಯ, ಇಬ್ಬರೂ ನಮ್ಮ ಕರ್ನಾಟಕದವರು, ಇಬ್ಬರೂ ಅದೇ ವರ್ಷ, ಅದೇ ಯುದ್ಧದಲ್ಲಿ ಇದ್ದವರು. ಒಬ್ಬರ ಕೈಯಲ್ಲಿ ನೆಲಬಾಂಬು, ಇನ್ನೊಬ್ಬರ ತಲೆಯಲ್ಲಿ ಇಡೀ ಡಿವಿಷನ್ನಿನ ಭಾರ. ಇವರಲ್ಲಿ ಯಾರು ಹೆಚ್ಚು ಅಂತ ಕೇಳುವುದೇ ತಪ್ಪು, ಅಲ್ವಾ?

ಮಾಣಿಕ್ ಶಾ ಅವರ ಎದೆಯನ್ನೂ ಹೀಗೇ ಓದಬೇಕು. ಮಿಲಿಟರಿ ಕ್ರಾಸ್ ಬಂದಿದ್ದು 1942ರಲ್ಲಿ, ಬರ್ಮಾದ ಸಿತ್ತಾಂಗ್ ನದಿಯ ಹತ್ತಿರ ಗುಂಡು ತಿಂದಾಗ. ಆಗ ಅವರಿಗೆ 27 ವರ್ಷ. 1971ರ ಯುದ್ಧ ಗೆದ್ದ ಮೇಲೆ ಬಂದಿದ್ದು ಪದ್ಮವಿಭೂಷಣ, ಆಮೇಲೆ 1973ರಲ್ಲಿ ಫೀಲ್ಡ್ ಮಾರ್ಷಲ್ ರ‍್ಯಾಂಕು. ಹೆಲಿಕಾಪ್ಟರುಗಳಲ್ಲಿ ಪಡೆಗಳನ್ನು ಮೇಘನಾ ನದಿ ದಾಟಿಸಿದ ಸಗತ್ ಸಿಂಗ್ ಅವರಿಗೂ ಪದ್ಮಭೂಷಣ. ಶೌರ್ಯದ ಪದಕ ಯೌವನದಲ್ಲಿ, ಸೇವೆಯ ಗೌರವ ತಲೆ ನರೆತ ಮೇಲೆ, ಇದು ಸಾಮಾನ್ಯವಾಗಿ ಕಾಣುವ ದಾರಿ.

ಇದನ್ನೇ ನಿಯಮ ಅಂದುಕೊಳ್ಳಬೇಡಿ. ಮೇಲೆ ಹೇಳಿದ ಸ್ಪ್ಯಾರೋ ಅವರಿಗೆ 1965ರಲ್ಲಿ ಎರಡನೇ ಸಲ ಮಹಾ ವೀರ ಚಕ್ರ ಬಂತು, ಆಗ ಅವರು ಮೇಜರ್ ಜನರಲ್. ಮುಂದೆ ಸೇನಾ ಮುಖ್ಯಸ್ಥರಾದ ಅರುಣ್ ವೈದ್ಯ ಅವರಿಗೂ ಎರಡು ಸಲ, 1965 ಮತ್ತು 1971ರಲ್ಲಿ. ಆದ್ದರಿಂದ ಜನರಲ್ ಅಂದ ತಕ್ಷಣ ಶೌರ್ಯದ್ದು ಇರಲಾರದು ಎಂದು ನಾನೂ ಬರೆದುಕೊಡುವುದಿಲ್ಲ. ಕಾಗದ ನೋಡುತ್ತೇನೆ.

ಫೀಲ್ಡ್ ಮಾರ್ಷಲ್ ಎನ್ನುವುದು ಪ್ರಶಸ್ತಿ ಅಲ್ಲ, ರ‍್ಯಾಂಕು. ಕಾರಿಯಪ್ಪನವರು 1953ರಲ್ಲಿ ನಿವೃತ್ತರಾದರು, ಆ ರ‍್ಯಾಂಕು ಬಂದಿದ್ದು 1986ರಲ್ಲಿ. ಇನ್ನು ‘ವಿಜೇತ’ ಎಂಬ ಪದ. ಪದಕ ಗೆದ್ದರು ಅನ್ನುವುದು ಸೇನೆಯ ಹಿರಿಯರಿಗೆ ಇಷ್ಟವಾಗುವುದಿಲ್ಲ. ಅದು ಓಟದ ಸ್ಪರ್ಧೆ ಅಲ್ಲ. ‘ಪುರಸ್ಕೃತ’ ಎಂದರೆ ಸಾಕು.

ರಿಬ್ಬನ್ ವಿಚಾರ ಸ್ವಲ್ಪ ಹೇಳಬೇಕು. ವಿಶಿಷ್ಟ ಸೇವಾ ಪದಕಗಳ ರಿಬ್ಬನ್ ಹಳದಿ, ಮೇಲೆ ಕಡುನೀಲಿ ಗೆರೆ. ಪರಮಕ್ಕೆ ಒಂದು ಗೆರೆ, ಅತಿಗೆ ಎರಡು, ವಿಶಿಷ್ಟಕ್ಕೆ ಮೂರು. ಗೆರೆ ಜಾಸ್ತಿ ಇದ್ದರೆ ದೊಡ್ಡದು ಎಂದುಕೊಂಡು ಮೂರು ಗೆರೆಯದನ್ನು ಫ್ರೇಮಿನ ನಡುವೆ ಇಟ್ಟ ಮನೆಗಳಿವೆ. ಪರಮ ವೀರದ್ದು ಬರೀ ನೇರಳೆ, ಗೆರೆಯೇ ಇಲ್ಲ. ಯುದ್ಧಕಾಲದ ಸೇವೆಗೆಂದೇ ಪ್ರತ್ಯೇಕವಾಗಿ ಸರ್ವೋತ್ತಮ ಯುದ್ಧ ಸೇವಾ, ಉತ್ತಮ ಯುದ್ಧ ಸೇವಾ, ಯುದ್ಧ ಸೇವಾ ಪದಕಗಳು ಬಂದಿದ್ದು 1980ರಲ್ಲಿ. ಅದಕ್ಕೆ ಮೊದಲು ಯುದ್ಧ ಮಾಡಿದ ಜನರಲ್‌ಗಳ ಎದೆಯಲ್ಲಿ ಅವನ್ನು ಹುಡುಕಿ ಪ್ರಯೋಜನವಿಲ್ಲ. ಎಲ್ಲಕ್ಕಿಂತ ತೊಡಕಿನದು ಸೇನಾ ಮೆಡಲ್. ಅದನ್ನು ಶೌರ್ಯಕ್ಕೂ ಕೊಡುತ್ತಾರೆ, ಸೇವೆಗೂ ಕೊಡುತ್ತಾರೆ. ಹೆಸರಿನ ಮುಂದೆ ಬರೀ ಎಸ್‌ಎಂ ಎಂದಿದ್ದರೆ ಯಾವುದೆಂದು ತಿಳಿಯುವುದಿಲ್ಲ. ಅಲ್ಲಿ ಊಹೆ ಮಾಡಲೇಬೇಡಿ.

ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ನಂಬರು, ರ‍್ಯಾಂಕು, ಹೆಸರು ಕೆತ್ತಿರುವುದುಂಟು. ಆ ರ‍್ಯಾಂಕಿನಿಂದ ಎಷ್ಟೋ ವಿಚಾರ ಗೊತ್ತಾಗುತ್ತದೆ. ದಯವಿಟ್ಟು ಪಾಲಿಶ್ ಹಾಕಿ ಉಜ್ಜಬೇಡಿ. ಅಣ್ಣತಮ್ಮಂದಿರು ಒಂದೊಂದು ಪದಕ ಹಂಚಿಕೊಂಡು ಸಾಲು ಒಡೆಯಬೇಡಿ. ಶೌರ್ಯ ಪದಕಗಳ ಮಾಹಿತಿ ರಕ್ಷಣಾ ಸಚಿವಾಲಯದ ಗ್ಯಾಲಂಟ್ರಿ ಅವಾರ್ಡ್ಸ್ ಜಾಲತಾಣದಲ್ಲಿದೆ, ಮೊದಲು ಅಲ್ಲಿ ನೋಡಿ.

ಆ ಪಾರ್ಕಿನ ಕಲ್ಲಿಗೆ ವಾಪಸ್ ಬರುತ್ತೇನೆ. ಜನರಲ್ ಅವರ ಮಗಳು ನನ್ನ ಹತ್ತಿರ ಬಂದರು. ಯಾರೋ ಹಿರಿಯ ಅಧಿಕಾರಿ ತಪ್ಪು ತೋರಿಸಿದ್ದರಂತೆ. ನಾನು ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ಅಪ್ಪ ಯುದ್ಧದಲ್ಲಿ ಏನೂ ಮಾಡಲಿಲ್ವಾ ಸರ್?” ಎಂದು ಕೇಳಿದರು. ಆ ಪ್ರಶ್ನೆ ನನಗೆ ಚುಚ್ಚಿತು. “ಟ್ರಂಕು ತಂದುಕೊಡಿ ಅಮ್ಮಾ” ಎಂದೆ.

ಕಪ್ಪು ಕಬ್ಬಿಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ಐಸಿ ನಂಬರು, ಅಂದರೆ ಅಧಿಕಾರಿಯ ಸೇವಾ ಸಂಖ್ಯೆ. ಒಳಗೆ ಪದಕದ ಸಾಲಿನಲ್ಲಿ ಪೂರ್ವೀ ಸ್ಟಾರ್ ಇತ್ತು, ಅಂದರೆ 1971ರಲ್ಲಿ ಪೂರ್ವ ರಂಗದಲ್ಲಿ ಇದ್ದವರು. ಸ್ವೆಟರುಗಳ ಕೆಳಗೆ ಒಂದು ಸಣ್ಣ ನೋಟುಬುಕ್ಕು. ಆಗ ಅವರು ಮೇಜರ್, ಒಂದು ಬ್ರಿಗೇಡಿನ ಡಿಕ್ಯೂ. ಅಂದರೆ ಅನ್ನ, ಮದ್ದುಗುಂಡು, ಡೀಸೆಲ್, ಗಾಯಾಳುಗಳ ಸಾಗಣೆ, ಎಲ್ಲದರ ಹೊಣೆ ಅವರದು. ನೋಟುಬುಕ್ಕಿನ ತುಂಬಾ ದೋಣಿಗಳ ಲೆಕ್ಕ. ಯಾವ ಘಾಟಿನಲ್ಲಿ ಎಷ್ಟು ದೋಣಿ, ಒಂದೊಂದರಲ್ಲಿ ಎಷ್ಟು ಜನ ಹಿಡಿಸುತ್ತಾರೆ, ಅಂಬಿಗ ಬಂದನೋ ಇಲ್ಲವೋ. ಒಂದು ಪುಟದಲ್ಲಿ ಗಾಯಾಳುಗಳನ್ನು ಮೊದಲು ದಾಟಿಸಬೇಕು, ಅಕ್ಕಿ ಆಮೇಲೆ ಎಂದು ಎರಡು ಸಲ ಗೀಟು ಎಳೆದು ಬರೆದಿದ್ದರು. ಇಂಥ ಲೆಕ್ಕಗಳನ್ನು ತಪ್ಪದೆ ಇಟ್ಟ ಮೇಜರ್‌ಗಳೇ ಮುಂದೆ ಡಿವಿಷನ್, ಕೋರ್ ನಡೆಸುವವರಾಗುತ್ತಾರೆ ಎಂದು ಆಕೆಗೆ ಹೇಳಿದೆ. ಆಕೆ ಆ ಪುಟವನ್ನು ಕೈಯಲ್ಲಿ ಸವರುತ್ತ ಕೂತಿದ್ದರು.

ಹೊಸ ಬರಹ ಸಿದ್ಧವಾಗಿದೆ. ರ‍್ಯಾಂಕು, ಹೆಸರು, ‘ಪರಮ ವಿಶಿಷ್ಟ ಸೇವಾ ಪದಕ ಪುರಸ್ಕೃತರು’, ಕೆಳಗೆ ‘1971, ಪೂರ್ವ ರಂಗ’. ಕೆತ್ತಿದ ಅಕ್ಷರ ಅಳಿಸಲು ಬರುವುದಿಲ್ಲ ಎಂದು ಕಲ್ಲುಕುಟಿಗರು ಹೇಳಿದ್ದಾರೆ. ಕಲ್ಲನ್ನು ತಿರುಗಿಸಿ ಹಿಂದಿನ ಮುಖಕ್ಕೆ ಪಾಲಿಶ್ ಮಾಡಿ ಅಲ್ಲಿ ಕೆತ್ತುತ್ತಾರಂತೆ. ಉಳಿ ಹಿಡಿಯುವ ಮೊದಲು ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಾರೆ. ಮಗಳ ಜೊತೆ ನಾನೂ ಹೋಗಿ ಒಂದೊಂದೇ ಅಕ್ಷರ ಓದಿ ಬರುತ್ತೇನೆ.