ರಿಕವರಿ ಆದ ಗ್ಯಾಸ್ ಶುದ್ಧವಾದ ಗ್ಯಾಸ್ ಅಲ್ಲ

ಎಸಿ, ಫ್ರಿಜ್ ಒಳಗೆ ತಂಪು ಮಾಡುವ ಗ್ಯಾಸಿನ ಬಗ್ಗೆ ‘ರಿಕವರಿ ಮಾಡಿದ ಗ್ಯಾಸ್, ಹೊಸದರಷ್ಟೇ ಶುದ್ಧ’ ಅಂತ ಬರೆದಿದ್ದನ್ನು ಮೊನ್ನೆ ಮತ್ತೆ ಓದಿದೆ. ಇನ್ನು ಸುಮ್ನೆ ಇರೋಕೆ ಆಗಲಿಲ್ಲ. ರಿಕವರಿ, ರೀಸೈಕಲ್, ರಿಕ್ಲೈಮ್ ಬೇರೆ ಬೇರೆ ಮೂರು ಕೆಲಸಗಳು. ಎಸಿ, ಫ್ರಿಜ್ ಗ್ಯಾಸಿನ ಎಷ್ಟೋ ನಿಯಮಗಳು ಈ ವ್ಯತ್ಯಾಸವನ್ನೇ ನಂಬಿಕೊಂಡಿವೆ.

ರಿಕವರಿಯ ಬೇರು ಲ್ಯಾಟಿನ್ನಿನ ‘ರೆಕುಪೆರಾರೆ’. ಮರಳಿ ಪಡೆ ಎಂದಷ್ಟೇ ಅರ್ಥ. ಯಂತ್ರದೊಳಗಿನ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡರೆ ರಿಕವರಿ ಮುಗಿಯಿತು. ಜೊತೆಗೆ ಎಣ್ಣೆ, ತೇವ, ಕಂಪ್ರೆಸರ್ ಸುಟ್ಟಿದ್ದರೆ ಆಸಿಡ್, ಎಲ್ಲ ಬಂದಿರುತ್ತದೆ. ಎಣ್ಣೆ ಬೇರೆ ಮಾಡಿ, ತೇವ ಹೀರುವ ಫಿಲ್ಟರ್ ಡ್ರೈಯರ್‌ನಲ್ಲಿ ಹಾಯಿಸಿದರೆ ಅದು ರೀಸೈಕಲ್.

ರಿಕ್ಲೈಮ್ ಪದದ ಕಥೆ ನನಗೆ ತುಂಬಾ ಇಷ್ಟ. ಅದರಲ್ಲಿ ‘ಕ್ಲಾಮಾರೆ’, ಅಂದರೆ ಕೂಗು, ಇದೆ. ಬೇಟೆಗೆ ಹಾರಿಬಿಟ್ಟ ಗಿಡುಗವನ್ನು ಕೂಗಿ ಮತ್ತೆ ಕೈಮೇಲೆ ಕೂರಿಸಿಕೊಳ್ಳುವುದಕ್ಕೆ ಹಳೇ ಕಾಲದ ಇಂಗ್ಲಿಷಿನವರು ಈ ಪದ ಬಳಸುತ್ತಿದ್ದರು, ಆಮೇಲೆ ಕಾಡು ಹಕ್ಕಿಯನ್ನು ಪಳಗಿಸುವುದಕ್ಕೂ ಅದೇ ಪದ ಬಂತು. ಗ್ಯಾಸಿಗೂ ಇದು ಚೆನ್ನಾಗಿ ಒಪ್ಪುತ್ತದೆ. ವಾಪಸ್ ಬಂದರಷ್ಟೇ ಸಾಲದು, ಹೊಸ ಗ್ಯಾಸಿಗೆ ಇರುವ ಶುದ್ಧತೆಯ ಅಳತೆ ಮುಟ್ಟಬೇಕು, ಮುಟ್ಟಿದೆ ಅಂತ ಲ್ಯಾಬ್ ಪರೀಕ್ಷೆಯಲ್ಲಿ ಗೊತ್ತಾಗಬೇಕು. ಎಸಿ, ಫ್ರಿಜ್ ತಯಾರಕರ ಸಂಘದ ಎಎಚ್‌ಆರ್‌ಐ 700 ಅನ್ನುವುದು ಅಂಥ ಒಂದು ಅಳತೆ.

ಅಮೆರಿಕದ ನಿಯಮ ನೋಡಿ. ರಿಕವರಿ ಮಾಡಿದ ಗ್ಯಾಸನ್ನು ಅದೇ ಮಾಲೀಕರ ಯಂತ್ರಕ್ಕೆ ಮತ್ತೆ ತುಂಬಬಹುದು. ಇನ್ನೊಬ್ಬರಿಗೆ ಮಾರಬೇಕಾದರೆ ರಿಕ್ಲೈಮ್ ಆಗಿರಲೇಬೇಕು. ಈ ನಿಯಮದ ಮುಂದೆ ಆ ಮೊದಲ ವಾಕ್ಯ ಇಟ್ಟು ಓದಿದರೆ ತಪ್ಪು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ ಅಲ್ವಾ?

‘ಪಂಪ್ ಡೌನ್ ಮಾಡಿದ್ದೀವಿ, ಅದೇ ರಿಕವರಿ’ ಅನ್ನುವವರೂ ಇದ್ದಾರೆ. ಅಲ್ಲ. ಪಂಪ್ ಡೌನ್‌ನಲ್ಲಿ ಗ್ಯಾಸನ್ನು ಎಸಿಯ ಔಟ್‌ಡೋರ್ ಯೂನಿಟ್‌ಗೆ ಎಳೆದು ಮುಚ್ಚುತ್ತಾರೆ ಅಷ್ಟೇ, ಅದು ಅಲ್ಲೇ ಕೂತಿರುತ್ತದೆ. ಆ ಯೂನಿಟ್ಟನ್ನು ಹಾಗೇ ಗುಜರಿಗೆ ಹಾಕಿ ಪೈಪ್ ಕತ್ತರಿಸಿದರೆ ಅಷ್ಟೂ ಆಕಾಶಕ್ಕೆ.

ಎಷ್ಟೋ ಎಸಿಗಳಲ್ಲಿರುವ ಗ್ಯಾಸ್ ಆರ್-410ಎ. ‘ಅದು ಓಜೋನ್ ಪದರಕ್ಕೆ ಹಾನಿ ಮಾಡಲ್ಲ, ಬಿಟ್ಟರೆ ಏನಂತೆ’ ಅನ್ನುವ ಮಾತಂತೂ ನನಗೆ ಸಹಿಸೋಕೇ ಆಗಲ್ಲ. ಓಜೋನ್ ವಿಷಯಕ್ಕೆ 1987ರ ಮಾಂಟ್ರಿಯಲ್ ಒಪ್ಪಂದ ಬಂತು, ನಿಜ. ಆದರೆ ಈ ಗ್ಯಾಸ್ ಭೂಮಿಯನ್ನು ಬಿಸಿ ಮಾಡುತ್ತದೆ. ಅದಕ್ಕೇ ಅದೇ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿ ಇಂಥ ಗ್ಯಾಸ್‌ಗಳನ್ನೂ ಕಡಿಮೆ ಮಾಡುತ್ತಾ ಹೋಗಿ ಅಂದಿತು. ಒಂದು ಕಿಲೋ ಆರ್-410ಎ ಹೊರಹೋದರೆ, 100 ವರ್ಷದ ಲೆಕ್ಕದಲ್ಲಿ, ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ.

ಇನ್ನೊಂದು ಮಾತು. ಸಿಲಿಂಡರಿನಲ್ಲಿ ಜಾಗ ಉಳಿದಿದೆ ಅಂತ ಹಳೇ ಎಸಿಗಳ ಗ್ಯಾಸ್ ಆರ್-22 ಮೇಲೆ ಆರ್-410ಎ ತುಂಬಬೇಡಿ. ಎಣ್ಣೆ, ತೇವವನ್ನು ಫಿಲ್ಟರ್ ಹಿಡಿಯುತ್ತದೆ, ಬೆರೆತ ಗ್ಯಾಸ್‌ಗಳನ್ನು ಬಿಡಿಸಲಾರದು. ರಿಕ್ಲೈಮ್‌ಗೆ ಹೋಗಬೇಕಾದ ಸಿಲಿಂಡರ್ ಎಷ್ಟೋ ಸಲ ನಾಶಪಡಿಸುವ ಘಟಕಕ್ಕೆ ಹೋಗುವುದು ಇದರಿಂದಲೇ.