ಕ್ಯಾಲ್ಕುಲಸ್ ಎಂಬ ಹರಳು

ದ್ವಿತೀಯ ಪಿಯುಸಿ ತರಗತಿಯಲ್ಲಿ ಗಣಿತದ ಕ್ಯಾಲ್ಕುಲಸ್ ಪಾಠ ಮುಗಿಸಿ ಹೊರಡುವಾಗ ಒಬ್ಬ ವಿದ್ಯಾರ್ಥಿ ತನ್ನ ತಂದೆಯ ಸ್ಕ್ಯಾನ್ ವರದಿಯನ್ನು ಮೊಬೈಲಿನಲ್ಲಿ ತೋರಿಸಿ, ‘ಸರ್, ಇದರಲ್ಲೂ ಕ್ಯಾಲ್ಕುಲಸ್ ಅಂತ ಬರೆದಿದ್ದಾರಲ್ಲ?’ ಎಂದು ಕೇಳಿದ. ಮೂತ್ರಪಿಂಡದಲ್ಲಿ 6 ಮಿ.ಮೀ. ಗಾತ್ರದ ಹರಳಿದೆ ಎಂಬುದು ಆ ಸಾಲಿನ ಅರ್ಥ. ಹುಡುಗ ಇದನ್ನು ಕಾಕತಾಳೀಯವೆಂದು ಭಾವಿಸಿದ್ದ. ಆದರೆ ಪದದ ಮೂಲಾರ್ಥಕ್ಕೆ ಹತ್ತಿರವಿರುವವರು ವೈದ್ಯರೇ ಹೊರತು ಗಣಿತದವರಾದ ನಾವಲ್ಲ.

ಲ್ಯಾಟಿನ್‌ನಲ್ಲಿ ‘ಕಾಲ್ಕ್ಸ್’ ಎಂದರೆ ಸುಣ್ಣಕಲ್ಲು. ಚಿಕ್ಕದೆಂಬುದನ್ನು ಸೂಚಿಸುವ ಪ್ರತ್ಯಯ ಸೇರಿದಾಗ ಅದು ‘ಕಾಲ್ಕುಲಸ್’, ಅಂದರೆ ಹರಳು. ರೋಮನ್ನರು ಮಣೆಯ ಮೇಲೆ ಬಿಡಿ, ಹತ್ತು, ನೂರುಗಳ ಸ್ಥಾನಗಳನ್ನು ಗುರುತಿಸಿಕೊಂಡು ಅಲ್ಲಿ ಹರಳುಗಳನ್ನು ಸರಿಸುತ್ತ ಲೆಕ್ಕ ಹಾಕುತ್ತಿದ್ದುದರಿಂದ, ಕಾಲಕ್ರಮದಲ್ಲಿ ಹರಳಿನ ಹೆಸರೇ ಲೆಕ್ಕಕ್ಕೂ ನಿಂತಿತು. ಕ್ಯಾಲ್ಕುಲೇಟರ್ ಬಂದದ್ದು ಈ ದಾರಿಯಿಂದ. 1808ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಬೇರ್ಪಡಿಸಿದ ಲೋಹಕ್ಕೆ ಕ್ಯಾಲ್ಸಿಯಂ ಎಂಬ ಹೆಸರು ಬಂದದ್ದು ನೇರವಾಗಿ ಸುಣ್ಣಕಲ್ಲಿನಿಂದ.

ಕ್ಯಾಲ್ಕುಲಸ್ ಎಂಬ ಗಣಿತ ಶಾಖೆಯನ್ನು ರೂಪಿಸಿದವರಲ್ಲೊಬ್ಬನಾದ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ 1684ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಲೇಖನದ ಲ್ಯಾಟಿನ್ ಶೀರ್ಷಿಕೆಯಲ್ಲಿಯೇ ಈ ಪದವಿದೆ. ಆದರೆ ಅಲ್ಲಿ ಅದು ಒಂದು ಶಾಸ್ತ್ರದ ಹೆಸರಲ್ಲ, ‘ಲೆಕ್ಕ ಮಾಡುವ ಒಂದು ವಿಶಿಷ್ಟ ಬಗೆ’ ಎಂಬಷ್ಟೇ ಅರ್ಥದ ಮಾತು. ತರ್ಕಶಾಸ್ತ್ರದವರು ತಮ್ಮ ಸಂಕೇತಪದ್ಧತಿಗಳನ್ನೂ ಕ್ಯಾಲ್ಕುಲಸ್ ಎಂದು ಕರೆಯುವುದು ಈ ಕಾರಣದಿಂದಲೇ. ಲೈಬ್ನಿಟ್ಸ್‌ಗೆ ಇಂದಿನ ಕ್ಯಾಲ್ಕುಲಸ್‌ನ ಎರಡನೆಯ ಭಾಗವನ್ನು, ಅಂದರೆ ಚೂರುಗಳನ್ನು ಕೂಡಿಸುವ ಭಾಗವನ್ನು, ‘ಮೊತ್ತದ ಲೆಕ್ಕ’ ಎಂದು ಕರೆಯುವುದು ಇಷ್ಟವಾಗಿತ್ತು. ನಾವು ಕರಿಹಲಗೆಯ ಮೇಲೆ ಎಳೆಯುವ ∫ ಚಿಹ್ನೆ, ಮೊತ್ತವೆಂಬ ಅರ್ಥದ ‘ಸುಮ್ಮಾ’ ಪದದ ಮೊದಲಕ್ಷರವಾದ ಉದ್ದನೆಯ ‘ಎಸ್’. 1675ರ ಅವನ ಕೈಬರಹದಲ್ಲಿ ಅದು ಮೊದಲು ಕಾಣಿಸುತ್ತದೆ. ‘ಇಂಟಿಗ್ರಲ್’ ಎಂಬ ಪದವನ್ನು 1690ರಲ್ಲಿ ಅಚ್ಚಿಗೆ ತಂದವನು ಸ್ವಿಸ್ ಗಣಿತಜ್ಞ ಯಾಕೊಬ್ ಬರ್ನೂಲಿ. ಅದರ ಹಿಂದಿರುವ ‘ಇಂಟೆಗರ್’ ಎಂದರೆ ಯಾರೂ ಮುಟ್ಟದ್ದು, ಆದ್ದರಿಂದ ಇಡಿಯಾಗಿ ಉಳಿದದ್ದು. ಪೂರ್ಣಾಂಕಕ್ಕೂ (ಇಂಟಿಜರ್) ವಕ್ರರೇಖೆಯ ಕೆಳಗಿನ ವಿಸ್ತೀರ್ಣಕ್ಕೂ (ಇಂಟಿಗ್ರಲ್) ಇಂಗ್ಲಿಷಿನಲ್ಲಿ ಒಂದೇ ಮೂಲದ ಹೆಸರೇಕೆ ಎಂದು ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ. ಪುಡಿಪುಡಿಯಾದದ್ದನ್ನು ಮತ್ತೆ ಇಡಿಯಾಗಿಸುವುದು ಎಂದರೆ ಅವರಿಗೆ ಒಡನೆಯೇ ಹೊಳೆಯುತ್ತದೆ.

ನಮ್ಮ ‘ಕಲನಶಾಸ್ತ್ರ’ವು ಕ್ಯಾಲ್ಕುಲಸ್‌ನ ಕನ್ನಡ ಉಚ್ಚಾರವೆಂದು ತಿಳಿದವರು ಅಧ್ಯಾಪಕರಲ್ಲೂ ಇದ್ದಾರೆ. ಅದು ಹಾಗಲ್ಲ. ಎಣಿಸು ಎಂಬ ಅರ್ಥದ ಸಂಸ್ಕೃತದ ‘ಕಲ್’ ಧಾತುವಿನಿಂದ ಹುಟ್ಟಿದ ಸಂಕಲಿತ, ವ್ಯವಕಲಿತ ಎಂಬ ಪದಗಳು ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿಯೇ ಕೂಡುವ, ಕಳೆಯುವ ಲೆಕ್ಕಗಳಿಗೆ ಬಳಕೆಯಾಗಿವೆ, ಶಾಲೆಯ ಸಂಕಲನ, ವ್ಯವಕಲನಗಳು ಅವುಗಳ ಒಡಹುಟ್ಟುಗಳೇ. ಪಾರಿಭಾಷಿಕ ಪದ ಹುಡುಕಿದವರಿಗೆ ಉಚ್ಚಾರವೂ ಅರ್ಥವೂ ಒಟ್ಟಿಗೆ ಒದಗಿಬಂದದ್ದು, ನನ್ನ ಅಭಿಪ್ರಾಯದಲ್ಲಿ, ಅದೃಷ್ಟ.

ಇಷ್ಟನ್ನೂ ಕೇಳಿಸಿಕೊಂಡ ಹುಡುಗ, ‘ಹಾಗಾದರೆ ನಮ್ಮ ಕಲ್ಲು, ಸರ್?’ ಎಂದ. ಅದು ತಮಿಳು, ಮಲಯಾಳಗಳಲ್ಲೂ ಇರುವ ಅಪ್ಪಟ ದ್ರಾವಿಡ ಪದ. ರೋಮನ್ನರ ಹರಳಿಗೂ ಅದಕ್ಕೂ ನಂಟಿಲ್ಲ ಎಂದು ಹೇಳುವಾಗ ನನಗೂ ಸ್ವಲ್ಪ ಬೇಸರವಾಯಿತು.