ಹಳೇ ಕಚೇರಿ ಮ್ಯೂಸಿಯಂ ಆಗ್ಬೇಕಾ? ಮೊದ್ಲು ಗೋಡೆ ನೋಡಿ

ಹಳೇ ಸರ್ಕಾರಿ ಕಟ್ಟಡನ ಮ್ಯೂಸಿಯಂ ಮಾಡ್ತಾರಂತೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಮಾತು, ಎಸಿ ಹಾಕ್ಸಿ, ಗೋಡೆಗೆ ಸಿಮೆಂಟ್ ಹೊಡ್ಸಿ, ಮೇಲೊಂದು ಒಳ್ಳೇ ಪೇಂಟ್ ಬಳಿಸಿ. ಹಾಗೆ ಮಾಡಿದ್ರೆ ಕಟ್ಟಡನೂ ಹಾಳು, ಒಳಗಿಟ್ಟ ವಸ್ತುನೂ ಹಾಳು.

ಕಚೇರಿ ಮ್ಯೂಸಿಯಂ ಆಗೋದು ಹೊಸದೇನಲ್ಲ ಬಿಡಿ. ಇಟಲಿಯ ಫ್ಲಾರೆನ್ಸಿನಲ್ಲಿ ಇವತ್ತು ದೊಡ್ಡ ಕಲಾ ಮ್ಯೂಸಿಯಂ ಆಗಿರೋ ಉಫಿಜಿ ಕಟ್ಟೋಕೆ ಶುರು ಮಾಡಿದ್ದು 1560ರಲ್ಲಿ, ಆಡಳಿತದ ಕಚೇರಿಗಳಿಗೆ ಅಂತಾನೇ, ಆ ಹೆಸರಿನ ಅರ್ಥನೇ ‘ಕಚೇರಿಗಳು’! ಸಿಂಗಾಪುರದಲ್ಲಿ ಹಳೇ ಸುಪ್ರೀಂ ಕೋರ್ಟು, ಸಿಟಿ ಹಾಲು ಎರಡನ್ನೂ ಸೇರಿಸಿ 2015ರಲ್ಲಿ ನ್ಯಾಷನಲ್ ಗ್ಯಾಲರಿ ತೆರೆದ್ರು.

ಈಗ ಗೋಡೆಗೆ ಬರೋಣ. ಸುಣ್ಣದ ಗಾರೆ ಮೆತ್ತಿದ ದಪ್ಪ ಗೋಡೆ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರ್ತವೆ, ಗಾಳಿಲಿ ತೇವ ಜಾಸ್ತಿ ಆದ್ರೆ ಎಳ್ಕೊಳ್ಳುತ್ತೆ, ಗಾಳಿ ಒಣಗಿದ್ರೆ ವಾಪಸ್ ಬಿಡುತ್ತೆ, ಹತ್ತಿ ಬಟ್ಟೆ ಬೆವರು ಹೀರಿ ಆರೋ ಹಾಗೆ, ಕೆರೆ ಮಳೆನೀರು ಹಿಡಿದಿಟ್ಟು ಬೇಸಿಗೆಗೆ ಕೊಡೋ ಹಾಗೆ. ಅದರ ಮೇಲೆ ಸಿಮೆಂಟ್ ಹೊಡೆದ್ರೆ ಬೆವರಿದ ಮೈಗೆ ರೇನ್‌ಕೋಟ್ ತೊಡಿಸಿದಂಗೆ. ನೆಲದಿಂದ ಏರೋ ತೇವಕ್ಕೆ ಹೊರಗೆ ಹೋಗೋ ದಾರಿ ಸಿಗದೆ ಇನ್ನೂ ಮೇಲಕ್ಕೆ ಹತ್ತಿ, ಸಿಮೆಂಟ್ ಮುಗಿಯೋ ಗೆರೆಯ ಮೇಲ್ಗಡೆ ಆರುತ್ತೆ. ಅಲ್ಲಿ ಉಗುರಲ್ಲಿ ಕೆರೆದು ನೋಡಿ, ಬಿಳೀ ಪುಡಿ ಉದುರುತ್ತೆ. ಅದು ಉಪ್ಪು, ಹರಳುಗಟ್ತಾ ಗಾರೆಯನ್ನೇ ಒಳಗಿಂದ ಒಡೆಯುತ್ತೆ.

ಎಸಿ ಕಥೆನೂ ಹೀಗೇ. 30 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಹೆಚ್ಚಂದ್ರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತೆ, 20 ಡಿಗ್ರಿಲಿ ಬರೀ 17. ಹಗಲೆಲ್ಲ ಓಡ್ಸಿ ಸಂಜೆ ಬೀಗ ಹಾಕುವಾಗ ಆಫ್ ಮಾಡಿದ್ರೆ, ಹೊರಗಿನ ಬೆಚ್ಚನೆ ತೇವದ ಗಾಳಿ ಒಳಗೆ ನುಗ್ಗಿ ತಣ್ಣಗಿರೋ ಗೋಡೆ, ಗಾಜಿನ ಮೇಲೆ ಹನಿಯಾಗಿ ಕೂರುತ್ತೆ. ರಾತ್ರಿ ಮರ ಉಬ್ಬುತ್ತೆ, ಬೆಳಿಗ್ಗೆ ಎಸಿ ಹಾಕಿದ್ಮೇಲೆ ಕುಗ್ಗುತ್ತೆ, ಮೇಲಿನ ಬಣ್ಣಕ್ಕೆ ಆ ಥರ ಹಿಗ್ಗೋಕೆ ಬರಲ್ಲ, ಚಕ್ಕೆ ಏಳುತ್ತೆ.

ಯುದ್ಧದ ಟೈಮಲ್ಲಿ, 1941ರಲ್ಲಿ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯವರು ಬಾಂಬಿಗೆ ಹೆದರಿ ಚಿತ್ರಗಳನ್ನ ವೇಲ್ಸಿನ ಮ್ಯಾನೋಡ್ ಸ್ಲೇಟ್ ಗಣಿಗೆ ಸಾಗಿಸಿದ್ರು. ಅಲ್ಲಿ ತೇವಾಂಶ ವರ್ಷಪೂರ್ತಿ ಒಂದೇ ಮಟ್ಟದಲ್ಲಿ ಇಟ್ಟಿದ್ರು, ಬಣ್ಣ ಏಳೋದು ಎಷ್ಟೋ ಕಡಿಮೆ ಆಯ್ತು. ವಾಪಸ್ ತಂದ್ಮೇಲೆ ಮತ್ತೆ ಶುರು! ತಂಪಿಗಿಂತ ಏರಿಳಿತ ಇಲ್ದಿರೋದು ಮುಖ್ಯ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ?



ಅದಕ್ಕೇ ನಕ್ಷೆ ಬರೆಯೋ ಮೊದ್ಲು ಪ್ರತಿ ಕೋಣೆಲೂ ತಾಪಮಾನ, ತೇವಾಂಶ ದಾಖಲಿಸೋ ಸಣ್ಣ ಲಾಗರ್ ಒಂದು ವರ್ಷ ಇಡಿ, ಮಳೆಗಾಲ ತಪ್ಪಿಸ್ಬೇಡಿ. ಯಾವ ಕೋಣೆಯ ಗ್ರಾಫ್ ಹೆಚ್ಚು ಕುಣಿಯಲ್ವೋ ಕಾಗದ, ಬಟ್ಟೆ, ಮರದ ಸಾಮಾನು ಅಲ್ಲಿಗೆ ಹೋಗ್ಲಿ, ಕುಣಿಯೋ ಕೋಣೆಗೆ ಕಲ್ಲಿನ ಶಾಸನಗಳು, ಟಿಕೆಟ್ ಕೌಂಟರು.